ಕೌದಿಗಳ ನಡುವೆ ಒಂದು ಹುಲಿ

ಮನೆಯವರೊಬ್ಬರು ಗಲ್ಫಿನಲ್ಲಿದ್ದಾರೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆ ಯಾರನ್ನೂ ಕೇಳಬೇಕಾಗಿಲ್ಲ. ಮಲಗುವ ಕೋಣೆಯ ಕಪಾಟಿನ ಮೇಲೆ ಕಣ್ಣಾಡಿಸಿದರೆ ಸಾಕು. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಬ್ಲಾಂಕೆಟ್ ಇರುತ್ತದೆ. ಅದರ ಮೇಲೆ ಗುಲಾಬಿ ಹೂ, ಇಲ್ಲವೇ ಹುಲಿ. ಬಂಟ್ವಾಳದ ಸೆಕೆಯಲ್ಲಿ ಅದನ್ನು ಹೊದ್ದು ಮಲಗಿದರೆ ಬೆಳಗಾಗುವಷ್ಟರಲ್ಲಿ ಮನುಷ್ಯ ಬೆಂದೇ ಹೋಗುತ್ತಾನೆ. ಆದರೆ ಅದನ್ನು ತಂದದ್ದು ಹೊದೆಯಲಿಕ್ಕಲ್ಲ, ಮನೆಯಲ್ಲಿ ಉಂಟು ಎಂದು ನಾಲ್ಕು ಜನರಿಗೆ ಗೊತ್ತಾಗಲಿಕ್ಕೆ. ನಮ್ಮ ಮನೆಯಲ್ಲಿ ಅತ್ತೆಯ ಕೋಣೆಯ ಕಪಾಟಿನ ಮೇಲಿದ್ದದ್ದು ಹುಲಿ. ನೆಂಟರು ಬಂದಾಗ ಅದನ್ನು ಇಳಿಸಿ, ಮಂಚದ ಮೇಲೆ ಹರಡಿ, ಅವರು ಹೋದ ಮೇಲೆ ಮಡಚಿ ಮತ್ತೆ ಚೀಲಕ್ಕೆ ಹಾಕುವುದು ಮನೆಯ ಸೊಸೆಯಾದ ನನ್ನ ಕೆಲಸವಾಗಿತ್ತು.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಾ ಬೆಳೆದವಳು ಬಂಟ್ವಾಳದ ಹತ್ತಿರದ ಮೆಲ್ಕಾರಿನ ಮನೆಗೆ ಬಂದೆ. ಗಂಡ ರಜೆ ಮುಗಿಸಿ ವಿಮಾನ ಹತ್ತಿದರು. ಆ ಹೊಸ ತಾರಸಿ ಮನೆಯಲ್ಲಿ ಉಳಿದವರು ನಾನು ಮತ್ತು ಅವರ ತಾಯಿ. ಅತ್ತೆಯನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ನಮ್ಮ ಮನೆಯ ಮಾತು ಬ್ಯಾರಿ. ಇಲ್ಲಿ ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ.

ಮನೆಯ ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ತಮಗೆ ಬೇಕಾದ ಕತೆ ಕಟ್ಟಿಕೊಳ್ಳುತ್ತಾರೆ. ಮಾಮಿ ನನ್ನ ಮೇಲೆ ಕೈಯೆತ್ತಿದವರಲ್ಲ, ಸ್ವರ ಎತ್ತಿದ್ದೂ ಕಡಿಮೆ. ಮೀನಿನ ದೊಡ್ಡ ತುಂಡು ನನ್ನ ಬಟ್ಟಲಿಗೇ ಬೀಳುತ್ತಿತ್ತು. ಹೊರಗೆ ಹೋಗುತ್ತೇನೆ ಎಂದರೆ ಬೇಡ ಎಂದೂ ಹೇಳುತ್ತಿರಲಿಲ್ಲ. “ಯಾಕೆ ಹೋಗುವುದು? ಇಲ್ಲಿ ನಿನಗೆ ಏನು ಕಡಿಮೆ ಉಂಟು?” ಎಂದು ನಿಜವಾಗಿ ಬೇಸರಪಟ್ಟುಕೊಂಡು ಕೇಳುತ್ತಿದ್ದರು. ಏನೂ ಕಡಿಮೆ ಇರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು, ಅಷ್ಟೆ. ಅದನ್ನು ಹೇಗೆ ಹೇಳುವುದು? ತವರಿಗೆ ಹೋಗಬೇಕಾದರೂ ಮಾಮಿ ಜೊತೆಯಲ್ಲಿ ಬಂದು, ಜೊತೆಯಲ್ಲೇ ಕರೆದುಕೊಂಡು ಬರುತ್ತಿದ್ದರು. ಒಂಟಿಯಾಗಿ ಬಸ್ಸು ಹತ್ತಿದ್ದು ಮದುವೆಗೆ ಮೊದಲು.

ಮಹಡಿಯ ಮೇಲಿನ ಕೋಣೆಯ ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ಮಗಳು ಹುಟ್ಟಿ, ಬೆಳೆದು ಶಾಲೆಗೆ ಹೋಗಲು ಸುರುಮಾಡಿದ ಮೇಲೆ ಹಗಲು ಮುಗಿಯುವುದೇ ಇಲ್ಲ ಎನಿಸತೊಡಗಿತು. ತವರಿನಿಂದ ಬಂದ ಹೊಲಿಗೆ ಮೆಷಿನನ್ನು ಆ ಕಿಟಕಿಯ ಹತ್ತಿರ ಎಳೆದುಕೊಂಡು ಹಳೆಯ ಬಟ್ಟೆ ಕತ್ತರಿಸಿ ಕೌದಿ ಹೊಲಿಯತೊಡಗಿದೆ. ತೇಪೆ ಕೊಟ್ಟು ಹೊಲಿದ ಹೊದಿಕೆಗೆ ಕೌದಿ ಎನ್ನುವ ಮಾತನ್ನು ನಾನು ಕಲಿತದ್ದು ಮೂಡುಬಿದಿರೆಯ ಹೊಲಿಗೆ ಟೀಚರ್ ಬಾಯಿಂದ. ಅವರು ಧಾರವಾಡದ ಕಡೆಯವರು. ಮದುವೆಗೆ ಮೊದಲು ಅವರ ಹತ್ತಿರ ಕಲಿಯುವಾಗ ನಾನು ಹೇಳಿದ ಹಾಗೆ ಕತ್ತರಿಸುವ ಹುಡುಗಿಯಾಗಿರಲಿಲ್ಲ. ಚೌಕ ಕತ್ತರಿಸು ಎಂದರೆ ಮೂಲೆಯಿಂದ ಓರೆ ಮಾಡಿಬಿಡುತ್ತಿದ್ದೆ. ಟೀಚರ್ ಮೊದಲು ಗದರಿ, ಆಮೇಲೆ ನಕ್ಕು, ಅದನ್ನೇ ಇಟ್ಟುಕೊಳ್ಳುತ್ತಿದ್ದರು.

ಮಾಮಿಗೆ ಮಾತ್ರ ನನ್ನ ಕೌದಿ ಕಂಡರೆ ಆಗುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು ಅವರು. ಮಕ್ಕಳು ಸಣ್ಣವರಿದ್ದಾಗ ಮನೆ ಮನೆಯ ಹಳೆಯ ಬಟ್ಟೆ ಬೇಡಿ ತಂದು, ಅದನ್ನೇ ಜೋಡಿಸಿ ಹೊಲಿದು ಹೊದೆಸಿ ಮಲಗಿಸುತ್ತಿದ್ದರಂತೆ. ಒಮ್ಮೆ ಸಂಬಂಧಿಕರೊಬ್ಬರು ಮನೆಗೆ ಬಂದವರು, ಮಗು ಹೊದ್ದಿದ್ದ ತೇಪೆಯಲ್ಲಿ ತಮ್ಮ ಹಳೆಯ ಅಂಗಿಯ ತುಂಡು ಗುರುತು ಹಿಡಿದು ಎಲ್ಲರೆದುರು ಎತ್ತಿ ತೋರಿಸಿ ನಕ್ಕರಂತೆ. ಅದನ್ನು ಹೇಳುವಾಗ ಮಾಮಿ ಅಷ್ಟು ವರ್ಷದ ಮೇಲೂ ತಲೆ ತಗ್ಗಿಸುತ್ತಿದ್ದರು. ಮಗ ದುಬೈಯಿಂದ ಮೊದಲ ಸಲ ಬಂದು ಹುಲಿ ಬ್ಲಾಂಕೆಟ್ ಬಿಚ್ಚಿದ ದಿನ ಮನೆಯಲ್ಲಿದ್ದ ತೇಪೆಯನ್ನೆಲ್ಲ ಒಟ್ಟು ಮಾಡಿ ಹಿತ್ತಿಲಲ್ಲಿ ಸುಟ್ಟುಹಾಕಿದರಂತೆ. ಅಂಥ ಮನೆಗೆ ನಾನು ಬಂದು ಮತ್ತೆ ತೇಪೆ ಹೊಲಿಯುತ್ತಾ ಕುಳಿತೆ. ಅವರ ಸಂಕಟ ನನಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಆದರೆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಟೀಚರ್ ನಮ್ಮ ಮನೆಗೆ ಬಂದರು. ಆಗ ಅವರು ಮೂಡುಬಿದಿರೆಯ ಒಂದು ದೊಡ್ಡ ಕಾಲೇಜಿನಲ್ಲಿ ಕೈಕೆಲಸ ಕಲಿಸುತ್ತಿದ್ದರು. ಅಲ್ಲಿ ಕೌದಿಗಳದ್ದೇ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಬೆಂಗಳೂರಿನಿಂದ ಹೊಸ ಬಗೆಯ ಕೌದಿ ಹೊಲಿಯುವವರು ಬರುವವರಿದ್ದರು. ಊರಿನ ಕೆಲಸಗಳಲ್ಲಿ ಅವರಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದನ್ನು ಹೊಲಿದ ಒಬ್ಬರಿಗೆ ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ಕಲಿಸುವ ಕೆಲಸ. ಟೀಚರ್ ಮಹಡಿಗೆ ಬಂದು, ನಾನು ಆಗ ಹೊಲಿಯುತ್ತಿದ್ದ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಇದನ್ನ ಕಳಸು. ಭಾಳ ಚಲೋ ಆಗೇದ” ಎಂದರು.

ವಾರಕ್ಕೆ ಎರಡು ದಿನ! ಮೆಲ್ಕಾರಿನಿಂದ ಬಿ.ಸಿ. ರೋಡು, ಅಲ್ಲಿಂದ ಸಿದ್ದಕಟ್ಟೆ ದಾಟಿ ಮೂಡುಬಿದಿರೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ, ನಾನೊಬ್ಬಳೇ. ಕೆಲಸಕ್ಕಿಂತ ಹೆಚ್ಚಾಗಿ ಆ ಬಸ್ಸಿಗೇ ನಾನು ಆಸೆಪಟ್ಟೆ. ಆ ವಾರವಿಡೀ ಪಾತ್ರೆ ತೊಳೆಯುವಾಗಲೂ ಮನಸ್ಸಿನಲ್ಲಿ ಬಸ್ಸು ಹತ್ತಿ ಇಳಿಯುತ್ತಿದ್ದೆ.

ಶುಕ್ರವಾರ ಗಂಡನ ಫೋನ್ ಬಂದಾಗ ಹೇಳಿದೆ. “ಉಮ್ಮ ಒಪ್ಪಿದರೆ ನನ್ನದು ಅಡ್ಡಿಯಿಲ್ಲ” ಎಂದು ತಾಯಿಯ ಮೇಲೆ ಹಾಕಿದರು. ಮಾಮಿಯನ್ನು ಕೇಳಿದರೆ, “ಮೊದಲು ಅವರು ಕೊಡ್ತಾರಾ ನೋಡುವ. ಮತ್ತೆ ಹೇಳ್ತೇನೆ” ಎಂದರು. ಬೇಡ ಎಂದು ಹೇಳದಿದ್ದದ್ದೇ ದೊಡ್ಡದು ಎಂದುಕೊಂಡೆ.

ಆ ಕೌದಿಯ ಬಗ್ಗೆ ಹೇಳಬೇಕು. ಕಿಟಕಿಯಿಂದ ಕಾಣುವುದನ್ನೇ ಹೊಲಿಯುತ್ತಿದ್ದೆ. ಹರಿದ ಬುರ್ಖಾದ ಕಪ್ಪು ಬಟ್ಟೆಯಿಂದ ಉದ್ದಕ್ಕೆ ಒಂದು ಹೆದ್ದಾರಿ, ಅಡ್ಡಾದಿಡ್ಡಿಯಾಗಿ. ಅದರ ಎರಡೂ ಬದಿಗೆ ಗಂಡ ಬಿಟ್ಟುಹೋದ ಲುಂಗಿಗಳ ಚೌಕುಳಿ, ಮಗಳ ಯೂನಿಫಾರ್ಮಿನ ನೀಲಿ, ನನ್ನ ಮದುವೆಯ ವರ್ಷದ ಚೂಡಿದಾರ್. ದಾರಿ ಎಲ್ಲೂ ಮುಗಿಯಬಾರದು ಎಂದು ಕಪ್ಪು ಪಟ್ಟಿಯನ್ನು ಅಂಚಿನ ಆಚೆಗೂ ಒಂದು ಗೇಣು ಹೊರಗೆ ಬಿಟ್ಟಿದ್ದೆ. ಹೊದೆಯುವವರಿಗೆ ಅದು ಬಾಲದ ಹಾಗೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತೋ ಏನೋ, ಆದರೆ ನೋಡಲು ಚೆಂದವಿತ್ತು. ನಾನೇ ಹೇಳಿಕೊಳ್ಳುತ್ತಿದ್ದೇನೆ, ಹೌದು, ಚೆಂದವಿತ್ತು.

ಕಾಲೇಜಿನ ವ್ಯಾನು ಊರೂರಿನ ಕೌದಿಗಳನ್ನು ಒಟ್ಟು ಮಾಡುತ್ತಾ ನಮ್ಮ ಮನೆಗೂ ಬಂತು. ಆಗ ನಾನು ಮಹಡಿಯಲ್ಲಿ ಮಧ್ಯಾಹ್ನದ ನಮಾಜಿನಲ್ಲಿದ್ದೆ. ಕೆಳಗಿಳಿದು ಬಂದಾಗ ಬಾಗಿಲ ಹತ್ತಿರ ಕಟ್ಟಿಟ್ಟಿದ್ದ ಕೌದಿಯ ಗಂಟು ಇರಲಿಲ್ಲ. “ಕೊಟ್ಟೆ. ನಿನ್ನ ಹೆಸರು ಬರೆದು ಚೀಟಿ ಅಂಟಿಸಿಕೊಂಡು ಹೋದರು” ಎಂದರು ಮಾಮಿ. ಅವರ ಮುಖದಲ್ಲಿ ಅಂಥ ಸಂತೋಷ ನೋಡಿ ನನ್ನ ಕಣ್ಣು ತುಂಬಿತು. ಅಂತೂ ಒಪ್ಪಿಕೊಂಡರು ಎಂದೇ ನಂಬಿದೆ.

ಪ್ರದರ್ಶನದ ದಿನ ಮಾಮಿ ಮದುವೆಗೆ ಹೋಗುವ ಬುರ್ಖಾ ತೊಟ್ಟು, ಅತ್ತರು ಹಾಕಿಕೊಂಡು ನನ್ನ ಜೊತೆ ಹೊರಟರು. ಕಾಲೇಜಿನ ಆ ಹಾಲಿಗೆ ಕಾಲಿಟ್ಟವಳು ನಿಂತಲ್ಲೇ ನಿಂತುಬಿಟ್ಟೆ. ಕೌದಿಯನ್ನು ಗೋಡೆಗೆ ತೂಗುಹಾಕಬಹುದು ಎಂದು ನನಗೆ ಹೊಳೆದದ್ದೇ ಇಲ್ಲ. ಒಂದರಲ್ಲಿ ಬರೀ ಬೂದು ಬಣ್ಣ, ಮಧ್ಯದಲ್ಲಿ ಒಂದೇ ಒಂದು ಕೆಂಪು ಗೆರೆ. ಇನ್ನೊಂದು ಪೂರ್ತಿ ಅಂಗಿಯ ಕಾಲರುಗಳದ್ದೇ. ಎಷ್ಟೋ ಗಂಡಸರು ಕುತ್ತಿಗೆ ಬಿಟ್ಟುಹೋದ ಹಾಗಿತ್ತು. ಹಳೆಯ ಜೀನ್ಸಿನ ಜೇಬುಗಳನ್ನೇ ಜೋಡಿಸಿದ್ದು ಒಂದು. ಚೌಕಗಳನ್ನು ಸಾಲಾಗಿ ಹೊಲಿದು, ಒಂದು ಮೂಲೆಯಲ್ಲಿ ಬೇಕೆಂದೇ ಸಾಲು ತಪ್ಪಿಸಿ ಚೆಲ್ಲಾಪಿಲ್ಲಿ ಮಾಡಿದ್ದು ಇನ್ನೊಂದು. ಟೀಚರ್ ನನ್ನನ್ನು ಗದರುತ್ತಿದ್ದ ತಪ್ಪನ್ನು ಬೆಂಗಳೂರಿನವರು ಚೌಕಟ್ಟು ಹಾಕಿಸಿ ತಂದಿದ್ದರು! ಒಂದು ಕೌದಿಯ ಮುಂದೆ ಮಾತ್ರ ನನಗೆ ನಿಲ್ಲಲಾಗಲಿಲ್ಲ. ನಡುವೆ ಸಣ್ಣ ಕೆಂಪು ತುಂಡು, ಅದರ ಸುತ್ತ ಪಟ್ಟಿ, ಆ ಪಟ್ಟಿಯ ಸುತ್ತ ಮತ್ತೆ ಪಟ್ಟಿ, ಹೀಗೆ ಅಂಚಿನವರೆಗೂ. ಆ ಕೆಂಪು ತುಂಡಿಗೆ ಹೊರಬರಲು ದಾರಿಯೇ ಇರಲಿಲ್ಲ.

ಊರಿನವರ ಕೆಲಸಗಳು ಹಾಲಿನ ಆ ತುದಿಯಲ್ಲಿದ್ದವು. ಅಲ್ಲೇ ಜನ ಗುಂಪುಗೂಡಿತ್ತು. ಹತ್ತಿರ ಹೋಗಿ ನೋಡಿದೆ. ಕೊಕ್ಕಡದ ಕಡೆಯ ಯಾರದೋ ತೇಪೆ ಕೌದಿ, ಇನ್ಯಾರದೋ ತೊಟ್ಟಿಲ ಹೊದಿಕೆ, ಇವೆರಡರ ನಡುವೆ ಗೋಡೆ ತುಂಬ ಹಲ್ಲು ಕಿರಿದು ನಿಂತಿತ್ತು ನಮ್ಮ ಮನೆಯ ಹುಲಿ. ಅದರ ಮೂಲೆಯಲ್ಲಿ ನನ್ನ ಹೆಸರಿನ ಚೀಟಿ. ಗೋಡೆಗೆ ಕಟ್ಟಿದ ವಿದ್ಯಾರ್ಥಿಗಳು ಚೀಟಿ ನೋಡಿದ್ದಾರೆ, ತೂಗುಹಾಕಿದ್ದಾರೆ, ಅವರಿಗೇನು ಗೊತ್ತು?

ತಿರುಗಿ ಮಾಮಿಯ ಮುಖ ನೋಡಿದೆ. ಅವರು ನಗುತ್ತಿದ್ದರು. “ನಿನ್ನ ಗಂಟನ್ನು ನನ್ನ ಮಂಚದ ಅಡಿಯಲ್ಲಿ ಇಟ್ಟಿದ್ದೇನೆ, ಹೆದರಬೇಡ” ಎಂದು ಕಿವಿಯಲ್ಲಿ ಹೇಳಿದರು. “ಈ ದೊಡ್ಡ ಜನರ ಎದುರಿಗೆ ಆ ಚಿಂದಿ ಹಾಕ್ಲಿಕ್ಕುಂಟಾ? ನೋಡು, ಎಲ್ಲರೂ ನಮ್ಮದನ್ನೇ ನೋಡ್ತಾ ಇದ್ದಾರೆ.”

ಸುಳ್ಳಲ್ಲ. ಹಳ್ಳಿಯಿಂದ ಬಂದ ಹೆಂಗಸರೆಲ್ಲ ಹುಲಿಯ ಮುಂದೆಯೇ ಇದ್ದರು, ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆ ಹುಲಿಯನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಎಸೆಯಬೇಕು ಎನಿಸಿತು. ಅಷ್ಟರಲ್ಲಿ ಟೀಚರ್ ಬೆಂಗಳೂರಿನ ಇಬ್ಬರು ಮೇಡಂಗಳನ್ನು ಕರೆದುಕೊಂಡು ಅಲ್ಲಿಗೇ ಬಂದರು. ಹುಲಿಯನ್ನು ಕಂಡು ಟೀಚರ್ ಮುಖದ ಬಣ್ಣವೇ ಇಳಿದುಹೋಯಿತು. ಮೇಡಂಗಳಲ್ಲಿ ಒಬ್ಬರು ಚೀಟಿ ಓದಿ, “ಇದು ನೀವು ಹೊಲಿದದ್ದಾ?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾಮಿ ತಮ್ಮ ನಿಧಾನದ ಶಾಲೆಕನ್ನಡದಲ್ಲಿ ಹೇಳಿದರು, “ನಮ್ಮದೇ ಮೇಡಂ. ನನ್ನ ಮಗ ದುಬೈಯಿಂದ ತಂದದ್ದು. ಮುಟ್ಟಿ ನೋಡಿ, ಎಷ್ಟು ಮೆದು ಉಂಟು.” ಮೇಡಂ ಮುಟ್ಟಿ ನೋಡಿ ತುಟಿಯಲ್ಲೇ ನಕ್ಕರು. ಪಕ್ಕದವರೂ ನಕ್ಕರು. ಮಾಮಿಗೆ ಅದು ಮೆಚ್ಚುಗೆಯಾಗಿಯೇ ಕಂಡಿತು.

ಟೀಚರ್ ನನ್ನ ಕಡೆ ತಿರುಗಿದರು. “ಆ ದಾರಿದು ಕೌದಿ ಎಲ್ಲಿ ಅದ? ನಾ ನೋಡಿದ್ದೆನಲ್ಲ, ಅದು?” ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು. ಮಾಮಿ ಬದಲಾಯಿಸಿಬಿಟ್ಟರು ಎಂದು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಮರುದಿನ ತಂದುಕೊಟ್ಟರೂ ಅವರು ನೋಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಆದರೆ ಆ ಮಾತನ್ನು ಆಡಬೇಕಾದದ್ದು ಅಷ್ಟು ಜನರ ಎದುರಿನಲ್ಲಿ. ಮಾಮಿ ಹುಲಿಯ ಒಂದು ಅಂಚು ಹಿಡಿದುಕೊಂಡು, ಯಾರಿಗೂ ತಲೆ ತಗ್ಗಿಸದೆ ನಿಂತಿದ್ದರು. ಅವರನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ.

“ಅದು ಮುಗಿಯಲಿಲ್ಲ ಟೀಚರ್” ಎಂದೆ.

ಮೇಡಂಗಳು ಮುಂದೆ ಹೋಗಿ ತೊಟ್ಟಿಲ ಹೊದಿಕೆಯ ಹತ್ತಿರ ತುಂಬ ಹೊತ್ತು ನಿಂತರು. ಅದನ್ನು ಹೊಲಿದವಳು ಬೆಳ್ತಂಗಡಿಯವಳು. ಅವಳನ್ನು ಕರೆಸಿ, ಕೈಕುಲುಕಿ, ಕಲಿಸಲಿಕ್ಕೆ ಯಾವಾಗಿನಿಂದ ಬರುತ್ತೀರಿ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಮಾಮಿಗೆ ಅದು ಕೇಳಿಸಲಿಲ್ಲ. ಅವರು ಯಾರಿಗೋ ಹುಲಿಯನ್ನು ಒಗೆಯುವ ಕ್ರಮ ಹೇಳಿಕೊಡುತ್ತಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಮಾಮಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಬಾಯಿ ಬಿಟ್ಟರೆ ಏನು ಹೊರಬರುತ್ತದೋ ಎಂದು ಸಿದ್ದಕಟ್ಟೆ ದಾಟುವವರೆಗೂ ನನಗೇ ಹೆದರಿಕೆಯಾಗಿತ್ತು. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಜಗಳವಾಡಿ ತವರಿಗೆ ಹೋಗಿಬಿಡುತ್ತಿದ್ದೆ. ಮನೆಯಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ನನ್ನ ಹೆಸರಿನಲ್ಲಿ ಕಳಿಸಿದವರ ಜೊತೆ ಏನೆಂದು ಜಗಳವಾಡಲಿ?

ಬಂಟ್ವಾಳ ಹತ್ತಿರವಾಗುತ್ತಿದ್ದಂತೆ ಮಾಮಿ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ನಮ್ಮದು ಅವರಿಗೆ ಅಷ್ಟು ಮೆಚ್ಚುಗೆಯಾಯಿತಲ್ಲ, ನಾನು ಯೋಚನೆ ಮಾಡಿದೆ. ನೀನು ಹೋಗು” ಎಂದರು. “ಆ ಟೀಚರ್ ಒಳ್ಳೆಯವರ ಹಾಗೆ ಕಾಣ್ತಾರೆ. ಮಗಳನ್ನು ನಾನು ನೋಡಿಕೊಳ್ತೇನೆ. ನೀನು ಒಬ್ಬಳೇ ಹೋಗಿ ಬಾ, ನನಗೆ ವಾರದಲ್ಲಿ ಎರಡು ಸಲ ಈ ಬಸ್ಸಿನಲ್ಲಿ ಕುಲುಕಾಡ್ಲಿಕ್ಕೆ ಆಗುವುದಿಲ್ಲ.”

“ಯಾವ ಎರಡು ದಿನ ಅಂತ ಹೇಳಿದರಾ?” ಎಂದು ಕೇಳಿದರು.

“ಇಲ್ಲ ಮಾಮಿ” ಎಂದೆ.

“ಕೇಳಬೇಕಿತ್ತು ಮಾರಾಯ್ತಿ. ಸೋಮವಾರ ಆಗುವುದಿಲ್ಲ ಅಂತ ಹೇಳು, ಆ ದಿನ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ಲಿಕ್ಕುಂಟು. ಬೇರೆ ಯಾವ ದಿನವಾದರೂ ಹೋಗು.”

ಆಗಲಿ ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡೆ. ಮಾಮಿ ನನ್ನ ಕೈ ಬಿಡಲಿಲ್ಲ, ಬಿ.ಸಿ. ರೋಡಿನಲ್ಲಿ ಇಳಿಯುವವರೆಗೂ ಹಾಗೆಯೇ ಹಿಡಿದುಕೊಂಡಿದ್ದರು.