ಎಡಗಡೆ ಸೀಟಿನ ಮೇಡಂ

ಮೇಡಂ ಅವರ ಬಲಗಾಲಿನ ಚಪ್ಪಲಿ ಮೂರು ತಿಂಗಳಿಗೆಲ್ಲ ಸವೆದು ತೂತು ಬೀಳುತ್ತಿತ್ತು. ಎಡಗಾಲಿನದು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇರುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತು ವರ್ಷ ಅದನ್ನು ತುಳಿದದ್ದು ಆ ಬಲಗಾಲು. ಒಂಟಿ ಚಪ್ಪಲಿಯನ್ನು ಯಾರೂ ಮಾರುವುದಿಲ್ಲವಾದ್ದರಿಂದ, ಅವರ ಮನೆಯ ಜಗಲಿಯ ಮೇಲೆ ಜೊತೆ ಕಳೆದುಕೊಂಡ ಎಡಗಾಲಿನ ಚಪ್ಪಲಿಗಳು ಏಳೆಂಟು ಸಾಲಾಗಿ ಕೂತಿರುತ್ತಿದ್ದವು. ಯಾರಾದರೂ ಕೇಳಿದರೆ, “ಚೆನ್ನಾಗಿರೋದನ್ನ ಯಾಕಮ್ಮ ಬಿಸಾಕ್ಲಿ” ಎನ್ನುತ್ತಿದ್ದರು.

ಅವರು ತುಮಕೂರಿನ ಸದಾಶಿವನಗರದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ನಮ್ಮ ಮನೆಯಿಂದ ಮೂರನೇ ರಸ್ತೆ. ಬಡಾವಣೆಯ ಎಲ್ಲರಿಗೂ ಅವರು ಮೇಡಂ. ತರಕಾರಿ ಗಾಡಿಯವನಿಗೂ ಮೇಡಂ, ಅವರ ಸ್ವಂತ ಯಜಮಾನರಿಗೂ ಮೇಡಂ.

ನನಗೆ ಅವರು ಬೇಕಾಗಿ ಬಂದದ್ದು ಅಡಿಕೆ ಹಾಳೆಯ ತಟ್ಟೆಯ ದೆಸೆಯಿಂದ. ಗುಬ್ಬಿಯಲ್ಲಿ ನನ್ನ ತವರುಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮೆಷಿನ್ ಹಾಕಿಸಿ, ಹಾಳೆ ನೆನೆಸಿ ಒತ್ತಿ ಊಟದ ತಟ್ಟೆ ಮಾಡುವ ಕೆಲಸ ಶುರು ಮಾಡಿದ್ದೆ. ತಟ್ಟೆಗಳೇನೋ ಚೆನ್ನಾಗಿ ಬರುತ್ತಿದ್ದವು. ಅವನ್ನು ಕಲ್ಯಾಣ ಮಂಟಪಗಳಿಗೆ ಮುಟ್ಟಿಸುವುದೇ ಕಷ್ಟವಾಗಿತ್ತು. ಹಳೆಯ ವ್ಯಾನೊಂದನ್ನು ಕೊಂಡು ಡ್ರೈವರ್ ಇಟ್ಟುಕೊಂಡೆ. ಮನುಷ್ಯ ಒಳ್ಳೆಯವನು. ಆದರೆ ಅವನ ಹಲ್ಲುನೋವು ಮದುವೆಯ ಮುಹೂರ್ತಗಳನ್ನು ನೋಡಿಕೊಂಡೇ ಬರುತ್ತಿತ್ತು. ಮೂರು ಆರ್ಡರ್ ಹೀಗೆ ಕೈತಪ್ಪಿದ ಮೇಲೆ ನಾನೇ ಕಾರು ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದೆ.

ನನ್ನ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರು ಬೇಡ ಎನ್ನಲಿಲ್ಲ. “ಸರಿ, ಇದೊಂದು” ಎಂದರು. ಆ ‘ಇದೊಂದು’ವಿನ ಹಿಂದೆ ದೊಡ್ಡ ಇತಿಹಾಸವಿತ್ತು. ನಾನು ಕಲಿಯಲು ಹೊರಟ ಹೊಲಿಗೆಯ ಮೆಷಿನ್ನಿನ ಮೇಲೆ ಆಗ ಟಿವಿ ಕೂತಿತ್ತು. ಯೋಗದ ಚಾಪೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಬೆಳಗಿನ ವಾಕಿಂಗಿಗೆಂದು ತಂದ ಶೂ ನಮ್ಮ ಮಗಳ ಕಾಲಿಗೆ ಸರಿಹೋಗಿತ್ತು. ಬಿ.ಎಚ್. ರಸ್ತೆ ದಾಟಬೇಕಾದರೆ ಯಜಮಾನರ ಅಂಗಿಯ ತೋಳು ಹಿಡಿದುಕೊಳ್ಳುವ ಹೆಂಗಸು ನಾನು.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಕಾರು ಹತ್ತಿದೆ. ನಮ್ಮ ರಸ್ತೆಯ ತುದಿ ಮುಟ್ಟುವಷ್ಟರಲ್ಲಿ ಎಂಜಿನ್ ಹನ್ನೊಂದು ಸಲ ಆಫ್ ಆಯಿತು. ಪ್ರತಿ ಸಲವೂ ಕಾರು ಬಿಕ್ಕಳಿಸಿ ನಿಂತಾಗ ನಾನು “ಸಾರಿ ಮೇಡಂ” ಎನ್ನುತ್ತಿದ್ದೆ. ಹನ್ನೊಂದನೆಯ ಸಲಕ್ಕೆ ಅವರು ಕೇಳಿದರು, “ಯಾರಿಗಮ್ಮ ಸಾರಿ? ಕಾರಿಗಾ, ನಂಗಾ?”

“ಆಫ್ ಆಯ್ತಲ್ಲ ಮೇಡಂ.”

“ಆಫ್ ಆದ್ರೆ ಆನ್ ಮಾಡು. ಅದಕ್ಕೆ ಅಂತ್ಲೇ ಬೀಗದ ಕೈ ಕೊಟ್ಟವ್ರೆ.”

ಅಷ್ಟೇ ಅವರ ಪಾಠ. ಮನಸ್ಸು ಗಟ್ಟಿ ಮಾಡಿಕೋ, ಧೈರ್ಯ ತಂದುಕೋ ಎಂದು ಅವರು ಒಂದು ದಿನವೂ ಹೇಳಲಿಲ್ಲ. ನಾನೇ ಒಮ್ಮೆ, “ನಂಗೆ ಧೈರ್ಯ ಬರೋವರೆಗೂ ಮೇನ್ ರೋಡ್ ಬೇಡ ಮೇಡಂ” ಎಂದೆ. “ಧೈರ್ಯ ಮೇನ್ ರೋಡಲ್ಲೇ ಇರೋದು. ಇಲ್ಲಿಗೆ ಬಂದು ನಿನ್ನ ಕರ್ಕೊಂಡು ಹೋಗಲ್ಲ ಅದು. ಗೇರ್ ಹಾಕು” ಎಂದರು.

ಇಷ್ಟು ಗಟ್ಟಿ ಹೆಂಗಸು ಸೋಲುತ್ತಿದ್ದುದು ತಟ್ಟೆ ಇಡ್ಲಿಗೆ. ಅವರಿಗೆ ಸಕ್ಕರೆ ಕಾಯಿಲೆ. ಅನ್ನ, ಇಡ್ಲಿ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ನಮಗೆ ಪಾರ್ಕಿಂಗ್ ಕಲಿಸುವ ಜಾಗ ಯಾವಾಗಲೂ ಕ್ಯಾತ್ಸಂದ್ರದ ಇಡ್ಲಿ ಹೋಟೆಲಿನ ಮುಂದೆಯೇ ಇರುತ್ತಿತ್ತು. ನಾನು ಹಿಂದೆ ಮುಂದೆ ತೆಗೆದು ಬೆವರುವಷ್ಟರಲ್ಲಿ ಅವರು ಇಳಿದು ಹೋಗಿ, ಕಿಟಕಿಯ ಪಕ್ಕ ಕೂತು, ಬೆಣ್ಣೆ ಹಾಕಿದ ಒಂದು ಇಡ್ಲಿ ಮುಗಿಸಿರುತ್ತಿದ್ದರು. “ಮೇಡಂ, ಡಾಕ್ಟ್ರು ಹೇಳಿದಾರಲ್ಲ” ಎಂದರೆ, “ನೀನು ಕನ್ನಡಿ ನೋಡು, ನನ್ ತಟ್ಟೆ ನೋಡ್ಬೇಡ” ಎಂಬ ಉತ್ತರ.

ಆರನೆಯ ದಿನ ನಾನು ಎಳನೀರಿನ ರಾಶಿಯೊಂದಕ್ಕೆ ಗುದ್ದಿದೆ. ಮೇಡಂ ಬ್ರೇಕ್ ತುಳಿದಿದ್ದರಿಂದ ಗುದ್ದು ಮೆಲ್ಲಗಿತ್ತು, ಆದರೆ ರಾಶಿಗೆ ಅಷ್ಟೇ ಸಾಕಾಯಿತು. ನಲವತ್ತೈವತ್ತು ಎಳನೀರು ಇಳಿಜಾರಿನಲ್ಲಿ ಉರುಳಿಕೊಂಡು ಹೊರಟವು. ಸ್ಕೂಟರಿನವರು ನಿಂತರು, ಒಂದು ಬಸ್ಸು ನಿಂತಿತು. ಮೇಡಂ ಸೆರಗು ಸಿಕ್ಕಿಸಿಕೊಂಡು ಇಳಿದು, ಬಸ್ಸಿನ ಕಂಡಕ್ಟರನ್ನೂ ಕರೆದು, ಅಷ್ಟನ್ನೂ ಆರಿಸಿ ತಂದು ಮತ್ತೆ ರಾಶಿ ಹಾಕಿಸಿದರು. ಆಮೇಲೆ ಎಳನೀರಿನವನಿಗೆ, “ಎರಡು ಕೆತ್ತಪ್ಪ. ಒಂದು ಇವಳಿಗೆ, ಒಂದು ನಿಂಗೆ. ಇಬ್ರೂ ಹೆದ್ರಿದೀರ” ಎಂದರು.

ಮಾರನೆಯ ದಿನ ನಾನು ಹೋಗಲಿಲ್ಲ. ಫೋನ್ ತೆಗೆಯಲಿಲ್ಲ. ಐದೂವರೆಗೆ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಹಾರ್ನ್ ಇಲ್ಲ, ಕೂಗಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದೆ. ಯಜಮಾನರು ಹೋಗಿ ಅವರನ್ನು ಒಳಗೆ ಕರೆದರು. ಮೇಡಂ ಬಂದು ಕೂತು, ಕಾಫಿ ಕುಡಿದು, ಪೇಪರ್ ಓದಿ, ಕ್ಲಾಸಿನ ಒಂದು ಗಂಟೆ ಪೂರ್ತಿ ಮುಗಿಸಿಕೊಂಡು ಎದ್ದು ಹೋದರು. ನನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವರು ಹೋದ ಮೇಲೆ ಯಜಮಾನರು ನನ್ನ ಮಂಚದ ಹತ್ತಿರ ಬಂದು ನಿಂತರು.

“ನೋಡು, ನಾಳೆ ನೀನು ಹೋಗು, ಇಲ್ಲಾಂದ್ರೆ ನಾನು ಹೋಗ್ತೀನಿ. ಆ ಯಮ್ಮನ ಎದುರಿಗೆ ಕೂತ್ಕೊಂಡು ಮಳೆ ಬೆಳೆ ಮಾತಾಡಿ ಮಾತಾಡಿ ನಂಗೆ ಹೇಳೋದೇನೂ ಉಳಿದಿಲ್ಲ.”

ನಾಲ್ಕನೆಯ ದಿನ ಹೋದೆ. ಮೇಡಂ ಕೇಳಿದ್ದು ಒಂದೇ: “ನಿಮ್ಮನೆಯೋರು ಕಾಫಿಗೆ ಸಕ್ಕರೆ ಹಾಕೋದೇ ಇಲ್ವಾ?”

ಅವರ ಕಥೆಯನ್ನು ತುಂಡು ತುಂಡಾಗಿ, ಸಿಗ್ನಲ್ಲುಗಳಲ್ಲಿ ಕೇಳಿದ್ದೇನೆ. ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಕಡೆ. ಡ್ರೈವಿಂಗ್ ಸ್ಕೂಲ್ ಶುರು ಮಾಡಿದ್ದು ಅವರ ಯಜಮಾನರು. ಮೇಡಂ ಆಗ ಹಾಜರಿ ಪುಸ್ತಕ ಬರೆಯುತ್ತಿದ್ದರು, ಅಷ್ಟೇ. ಒಂದು ವರ್ಷ ಯಜಮಾನರ ಕಣ್ಣು ಮಂಜಾಗುತ್ತಾ ಬಂದು, ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದರು. ಕಾರು ಮನೆ ಮುಂದೆ ನಿಂತಿತು. ಕಾರಿನ ಕೆಳಗೆ ಬೆಕ್ಕು ಮರಿ ಹಾಕಿತು. ಮರಿಗಳು ದೊಡ್ಡವಾಗಿ ಹೊರಟುಹೋದ ದಿನ, ನಾನೇ ಕಲಿಯುತ್ತೇನೆ ಎಂದರಂತೆ ಮೇಡಂ.

ಅರ್ಧ ತುಮಕೂರಿಗೆ ಕಲಿಸಿದ ಯಜಮಾನರಿಗೆ ಹೆಂಡತಿಗೆ ಕಲಿಸಲು ಆಗಲಿಲ್ಲ. ಒಂದು ವಾರ ಕಲಿಸಿ, ಮೂರು ವಾರ ಇಬ್ಬರೂ ಮಾತು ಬಿಟ್ಟಿದ್ದರು. ಮೇಡಂ ಬೇರೆ ಕಡೆ ಹೋಗಿ ಕಲಿತರು. ಲೈಸೆನ್ಸ್ ಪರೀಕ್ಷೆಯಲ್ಲಿ ಐದು ಸಲ ಫೇಲಾದರು. ಐದನೆಯ ಸಲ ಇನ್ಸ್‌ಪೆಕ್ಟರೇ ಮರುಗಿ ಕೇಳಿದರಂತೆ, “ಅಮ್ಮಾ, ಮನೇಲಿ ಕಲಿಯೋರು ಬೇರೆ ಯಾರೂ ಇಲ್ವಾ?” ಮೇಡಂ ಹೇಳಿದರಂತೆ, “ಇಲ್ಲ ಸಾರ್, ಮುಂದಿನ ತಿಂಗಳೂ ನಾನೇ ಬರ್ತೀನಿ.” ಆರನೆಯ ಸಲ ಪಾಸಾದಾಗ ಆ ಇನ್ಸ್‌ಪೆಕ್ಟರು ಅವರಿಗಿಂತ ಹೆಚ್ಚು ಖುಷಿಪಟ್ಟಿದ್ದರಂತೆ.

ಒಮ್ಮೆ ನಮ್ಮ ಬಡಾವಣೆಯ ಮಹಿಳಾ ಸಂಘದವರು ‘ಇಚ್ಛಾಶಕ್ತಿ ಮತ್ತು ಯಶಸ್ಸು’ ಎಂದು ಒಂದು ಉಪನ್ಯಾಸ ಇಟ್ಟಿದ್ದರು. ಬೆಂಗಳೂರಿನಿಂದ ಬಂದಿದ್ದ, ಕೋಟು ತೊಟ್ಟ ತರಬೇತುದಾರರು ನಮಗೆಲ್ಲ ಕಣ್ಣು ಮುಚ್ಚಿ, ಬೆಟ್ಟದ ತುದಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ ಎಂದರು. ಎರಡು ನಿಮಿಷಕ್ಕೆ ನನ್ನ ಪಕ್ಕದಿಂದ ಗೊರಕೆ ಕೇಳಿಸಿತು. ಮೇಡಂ ಬೆಟ್ಟ ಹತ್ತುವ ಮೊದಲೇ ನಿದ್ದೆ ಹೋಗಿದ್ದರು. ಕೊನೆಗೆ ಅವರನ್ನೇ ವೇದಿಕೆಗೆ ಕರೆದು, ಇಷ್ಟು ಸಾಧನೆ ಮಾಡಿದ್ದೀರಿ, ನಿಮ್ಮ ಇಚ್ಛಾಶಕ್ತಿಯ ಗುಟ್ಟೇನು ಎಂದು ಕೇಳಿದರು.

ಮೇಡಂ ಮೈಕನ್ನು ಅನುಮಾನದಿಂದ ನೋಡಿದರು. “ಅಂಥದ್ದೆಲ್ಲ ನನ್ನತ್ರ ಇಲ್ಲ ಸಾರ್. ಇದ್ದಿದ್ರೆ ಇಡ್ಲಿ ಬಿಡ್ತಿದ್ದೆ. ಬೆಳಿಗ್ಗೆ ಏಳೋಕೆ ನಂಗೂ ಮನಸ್ಸು ಬರಲ್ಲ. ಆದ್ರೆ ಐದೂವರೆಗೆ ಯಾವಳೋ ಒಬ್ಳು ಗೇಟ್ ಹಿಡ್ಕೊಂಡು ನಿಂತಿರ್ತಾಳಲ್ಲ, ಅವಳನ್ನ ಕಾಯಿಸೋಕಾಗಲ್ಲ. ಅದಕ್ಕೆ ಏಳ್ತೀನಿ. ನಮಗಾಗಿ ಒಬ್ರು ಕಾಯ್ತಾ ಇರೋ ಹಂಗೆ ಮಾಡ್ಕೊಂಡ್ರೆ ಆಯ್ತು, ಇನ್ನೇನಿಲ್ಲ.” ತರಬೇತುದಾರರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಮೇಡಂ ಬಂದು ಕೂತು, “ಬೋಂಡಾ ಯಾವಾಗ ಕೊಡ್ತಾರೆ?” ಎಂದು ನನ್ನ ಕಿವಿಯಲ್ಲಿ ಕೇಳಿದರು.

ಎರಡನೆಯ ಪ್ರಯತ್ನಕ್ಕೆ ನನಗೆ ಲೈಸೆನ್ಸ್ ಸಿಕ್ಕಿತು. ಸಿಕ್ಕಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಬ್ಬಳೇ ವ್ಯಾನ್ ಓಡಿಸಲಿಲ್ಲ. ಹೀಗೆ ಮೂರು ವಾರ ಕಳೆದಿರಬೇಕು. ಕುಣಿಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಮದುವೆ. ಅಡುಗೆ ಕಂಟ್ರಾಕ್ಟರು ಮೊದಲ ಸಲ ನನ್ನ ತಟ್ಟೆಗಳನ್ನು ಒಪ್ಪಿದ್ದರು. ಇದು ಸರಿಹೋದರೆ ಆ ಕಡೆಯ ಅಷ್ಟೂ ಮದುವೆಗೆ ನನ್ನದೇ ತಟ್ಟೆ. ಹನ್ನೆರಡೂವರೆಗೆ ಮೊದಲ ಪಂಕ್ತಿ. ಬೆಳಿಗ್ಗೆ ಗುಬ್ಬಿಗೆ ಹೋಗಿ ತಟ್ಟೆಯ ಕಟ್ಟುಗಳನ್ನೆಲ್ಲ ವ್ಯಾನಿಗೆ ತುಂಬಿಸಿದೆ. ಡ್ರೈವರಿಗೆ ಹಲ್ಲುನೋವು ಬಂತು.

ಮೇಡಂಗೆ ಫೋನ್ ಮಾಡಿದೆ.

“ಡ್ರೈವರ್ ಬಂದಿಲ್ಲ ಮೇಡಂ.”

“ನೀನಿದೀಯಲ್ಲ.”

“ಒಬ್ಳೇ ಆಗಲ್ಲ ಮೇಡಂ.”

“ಇರು, ಬಸ್ ಹತ್ತುತೀನಿ” ಎಂದರು.

ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬಂದು ವ್ಯಾನಿನ ಎಡಗಡೆ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಿಕೊಂಡರು. ಕಾಲಿನಿಂದ ಕೆಳಗೆ ತಡಕಾಡಿದರು.

“ಇಲ್ಲೇನೂ ಇಲ್ವಲ್ಲ.”

“ಇದು ಮಾಮೂಲಿ ಗಾಡಿ ಮೇಡಂ. ನಿಮ್ ಕಡೆ ಬ್ರೇಕ್ ಇರಲ್ಲ.”

“ಹೂಂ” ಎಂದರು. ಆ ಹೂಂ ಎಂದಿನ ಹಾಗಿರಲಿಲ್ಲ.

ತುಮಕೂರು ಮುಟ್ಟುವವರೆಗೆ ಎದುರಿನಿಂದ ಲಾರಿ ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಕಾಲಡಿಯ ಮ್ಯಾಟು ಮುದುರಿಕೊಂಡು ಮೂಲೆ ಸೇರಿತು. ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ತುಟಿ ಅಲುಗುತ್ತಿತ್ತು. ಕಿವಿಗೊಟ್ಟೆ, ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹಣ್ಣುಕಾಯಿಯ ಹರಕೆ ಹೊರುತ್ತಿದ್ದರು. ಹೆಬ್ಬೂರು ಬಂತು. “ಸೈಡಿಗೆ ಹಾಕು” ಎಂದರು. ಹಾಕಿದೆ. ಬೆಲ್ಟ್ ಬಿಚ್ಚಿ ಇಳಿದೇಬಿಟ್ಟರು.

“ಎಲ್ಲಿಗೆ ಮೇಡಂ?”

“ಬಸ್ಸಲ್ಲಿ ಬರ್ತೀನಿ.”

“ನಾನು?”

“ನೀನು ಗಾಡಿ ತಗೊಂಡು ಬಾ. ಇಷ್ಟು ತಟ್ಟೇನ ಬಸ್ಸಲ್ಲಿ ಹಾಕಿಸ್ಕೊಳಲ್ಲ.”

ಹಿಂದೆಯೇ ಬಂದ ಖಾಸಗಿ ಬಸ್ಸನ್ನು ಹತ್ತಿ ಅವರು ಹೊರಟುಹೋದರು. ತಿರುಗಿ ಕೂಡ ನೋಡಲಿಲ್ಲ. ನಾನು ಸ್ಟೇರಿಂಗ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಗೇರ್ ಹಾಕಿದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಎರಡು ಸಲ ಎಂಜಿನ್ ಆಫ್ ಆಯಿತು. ನಾನು ಯಾರಿಗೂ ಸಾರಿ ಹೇಳಲಿಲ್ಲ, ಕುರಿಗಳಿಗೂ ಇಲ್ಲ. ಕುಣಿಗಲ್ ಕೆರೆಯ ನೀರು ಕಂಡಾಗ, ಎಷ್ಟೋ ಹೊತ್ತಿನಿಂದ ನಾನು ಗಟ್ಟಿಯಾಗಿ ಮೇಡಂ ಅವರನ್ನು ಬಯ್ಯುತ್ತಾ ಬರುತ್ತಿದ್ದೇನೆಂದು ಗೊತ್ತಾಯಿತು.

ಮಂಟಪ ಮುಟ್ಟಿದಾಗ ಹನ್ನೆರಡೂ ಹತ್ತು. ಅಡುಗೆಮನೆಯ ಬಾಗಿಲಲ್ಲಿ ಕಂಟ್ರಾಕ್ಟರು ಬಾಳೆಲೆ ತರಿಸಲೆಂದು ಫೋನ್ ಹಿಡಿದಿದ್ದರು. ಅವರ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ಮೇಡಂ ನಿಂತಿದ್ದರು. “ನನ್ ಸ್ಟೂಡೆಂಟು ಕಣಪ್ಪ ಅವಳು. ಬಂದೇ ಬರ್ತಾಳೆ. ಬರ್ದಿದ್ರೆ ನಾನೇ ಎಲೆ ತಂದು, ತೊಳೆದು ಬಡಿಸ್ತೀನಿ, ಫೋನ್ ಇಡು” ಎನ್ನುತ್ತಿದ್ದುದು ನನಗೂ ಕೇಳಿಸಿತು. ನಾನು ವ್ಯಾನನ್ನು ರಿವರ್ಸ್ ತೆಗೆದು ಬಾಗಿಲಿಗೆ ಹಚ್ಚುವವರೆಗೆ ಮಾತ್ರ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಎರಡನೆಯ ಪಂಕ್ತಿಯಲ್ಲಿ ಇಬ್ಬರೂ ನನ್ನದೇ ತಟ್ಟೆಯ ಮುಂದೆ ಕೂತೆವು. ನನ್ನ ಸಿಟ್ಟು ಇಳಿದಿತ್ತು. “ನಾನೊಬ್ಳೇ ಓಡಿಸ್ಲಿ ಅಂತ ತಾನೇ ಮೇಡಂ, ನೀವು ಇಳಿದಿದ್ದು?” ಎಂದೆ. ಅಷ್ಟು ಹೊತ್ತಿಗೆ ಅವರ ಬಗ್ಗೆ ಮನಸ್ಸಿನಲ್ಲಿ ಒಂದು ದೊಡ್ಡ ಗುಡಿಯನ್ನೇ ಕಟ್ಟಿಬಿಟ್ಟಿದ್ದೆ.

“ಅದೇನೂ ಇಲ್ಲ” ಎಂದರು ಮೇಡಂ, ಹೋಳಿಗೆ ಮುರಿಯುತ್ತಾ. “ನಂಗೆ ಭಯ ಆಯ್ತು. ಕಾಲ್ ಕೆಳಗೆ ಬ್ರೇಕ್ ಇಟ್ಕೊಂಡು ಇನ್ನೊಬ್ರಿಗೆ ಹೆದರ್ಬೇಡ ಅನ್ನೋದು ಸುಲಭ ಕಣಮ್ಮ. ಇವತ್ತು ಗೊತ್ತಾಯ್ತು.”

“ಮತ್ತೆ ಕಂಟ್ರಾಕ್ಟ್ರ ಹತ್ರ ಬಂದೇ ಬರ್ತಾಳೆ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ರಿ?”

“ಅದೂ ಭಯದಲ್ಲೇ ಹೇಳಿದ್ದು. ಭಯ ಆದೋರು ಬಾಯಿ ಮುಚ್ಕೊಂಡಿರ್ಬೇಕಾ?” ಎಂದು ಇನ್ನೊಂದು ಹೋಳಿಗೆಗೆ ಕೈ ಎತ್ತಿದರು. ವಾಪಸ್ ಬರುವಾಗ ನನ್ನ ವ್ಯಾನಿನಲ್ಲೇ ಕೂತರು. ಹರಕೆ ಕೇಳಿಸಲಿಲ್ಲ. ಕಣ್ಣು ಮಾತ್ರ ಮುಚ್ಚಿದ್ದರು. ಹೆದರಿಕೆಗೋ, ಹೋಳಿಗೆಯ ನಿದ್ದೆಗೋ ಗೊತ್ತಿಲ್ಲ.

ಆ ಕಂಟ್ರಾಕ್ಟರು ಇವತ್ತಿಗೂ ನನ್ನ ತಟ್ಟೆಯನ್ನೇ ತರಿಸುತ್ತಾರೆ. ಗುಬ್ಬಿಯ ಶೆಡ್ಡಿನಲ್ಲಿ ಈಗ ಆರು ಮೆಷಿನ್ ಇವೆ. ನನ್ನನ್ನೂ ಒಂದು ಸಂಘದವರು ಕರೆದು ಯಶಸ್ಸಿನ ಬಗ್ಗೆ ಮಾತಾಡಿ ಎಂದಿದ್ದರು. ಆ ಹೋಳಿಗೆಯ ಊಟದ ಕಥೆಯನ್ನೇ ಹೇಳಿ ಬಂದೆ. ಅದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಹನ್ನೊಂದನೆಯ ದಿನದ ತಿಥಿಗೆ ಅವರ ಕೈಯಲ್ಲಿ ಕಲಿತ ಹೆಂಗಸರೆಲ್ಲ ಬಂದರು. ಒಬ್ಬರೂ ಬಸ್ಸಿನಲ್ಲಿ ಬರಲಿಲ್ಲ, ಬಾಡಿಗೆ ಆಟೋದಲ್ಲಿ ಬರಲಿಲ್ಲ. ಊಟ ಮುಗಿಯುವಷ್ಟರಲ್ಲಿ ಆಚೆ ತುದಿ ಮುಚ್ಚಿದ ಆ ಸಣ್ಣ ರಸ್ತೆಯಲ್ಲಿ ಕಾರು, ವ್ಯಾನು, ಒಂದು ಗೂಡ್ಸ್ ಆಟೋ ಎಲ್ಲ ಹೆಣೆದುಕೊಂಡು ನಿಂತಿದ್ದವು. ಹಿಂದಿನವರು ತೆಗೆಯದೆ ಮುಂದಿನವರು ತೆಗೆಯುವ ಹಾಗಿಲ್ಲ. ನೀನು ತೆಗಿ, ನೀನು ತೆಗಿ ಎಂದು ಗಲಾಟೆ. ಅತ್ತು ಕೆಂಪಾದ ಕಣ್ಣುಗಳಲ್ಲೇ ಕೆಲವರಿಗೆ ನಗು ಬಂತು.

ಒಳಗಿನಿಂದ ಅವರ ಯಜಮಾನರು ಕೋಲು ಹಿಡಿದು ಬಂದರು. ಅವರಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ರಸ್ತೆಯ ಮಧ್ಯೆ ನಿಂತು, “ಎಲ್ರೂ ಗಾಡಿ ಆಫ್ ಮಾಡಿ. ಮೊದಲು ಕಡೇಲಿ ಬಂದ ಗಾಡಿ ಒಂದೇ” ಎಂದರು. ಎಲ್ಲ ನಿಶ್ಶಬ್ದವಾಯಿತು. ಎಂಜಿನ್ನಿನ ಸದ್ದು ಕೇಳಿಸಿಕೊಂಡು, ಗಾಡಿಯ ಬೆನ್ನ ಮೇಲೆ ಕೈಯಿಟ್ಟು, “ಬಲಕ್ಕೆ ಹೊಡಿ. ಬರ್ಲಿ, ಬರ್ಲಿ. ಸಾಕು” ಎನ್ನುತ್ತಾ ಒಂದೊಂದನ್ನೇ ಹೊರಗೆ ದಾಟಿಸಿದರು. ಒಂದಕ್ಕೂ ಗೀರು ಬೀಳಲಿಲ್ಲ.

ಎಲ್ಲರಿಗಿಂತ ಮೊದಲೇ ಬಂದಿದ್ದರಿಂದ ನನ್ನದೇ ಕೊನೆಯ ಗಾಡಿ. ವ್ಯಾನಿನ ಹಿಂದೆ ಬಂದು ನಿಂತು ಅವರು ಕೇಳಿದರು, “ಇನ್ನೆಷ್ಟು ಗಾಡಿ ಇದೆಯಮ್ಮ?”

“ನಂದೊಂದೇ ಸಾರ್.”

“ಹಂಗಾದ್ರೆ ನಿಧಾನಕ್ಕೆ ತೆಗಿ” ಎಂದರು. “ಆಮೇಲೆ ನಂಗೂ ಒಳಗಡೆ ಹೋಗ್ಬೇಕಾಗ್ತದೆ.”

ಆ ರಸ್ತೆಯಿಂದ ಹೊರಗೆ ಬರಲು ಅವತ್ತು ನಾನು ತೆಗೆದುಕೊಂಡಷ್ಟು ಹೊತ್ತನ್ನು, ಕಲಿಯುವ ದಿನಗಳಲ್ಲೂ ತೆಗೆದುಕೊಂಡಿರಲಿಲ್ಲ.