ಪೂಜೆಗಿಟ್ಟ ಪಿನ್ನು

ಎಷ್ಟೋ ವರ್ಷಗಳಾದ ಮೇಲೂ ಯಾರಾದರೂ ಕಾರಿನ ಹಿಂದೆ ಸೈಕಲ್ ತೂಗುಹಾಕಿಕೊಂಡು ಹೋಗುವುದನ್ನು ಕಂಡರೆ ನನ್ನ ಕಣ್ಣು ಸೈಕಲ್ಲಿನ ಮೇಲೆ ನಿಲ್ಲುವುದಿಲ್ಲ, ಸೀದಾ ಬಂಪರಿನ ಅಡಿಗೆ ಹೋಗುತ್ತದೆ. ಅಲ್ಲಿ ಪಿನ್ನು ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ನನ್ನ ಮೈದುನ ಸತ್ತದ್ದು ಆ ಪಿನ್ನು ಅಲ್ಲಿ ಇಲ್ಲದ ದಿನ.

ಆಗ ನಾವು ಸೂರತ್ತಿನ ಉಧ್ನಾದಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದಿರಬೇಕು. ಕುಂದಾಪುರದ ಕಡೆಯಿಂದ ಹೋಗಿ ನನ್ನ ಗಂಡ ಮತ್ತು ಅವರ ತಮ್ಮ ಅಲ್ಲಿ ಹೋಟೆಲು ನಡೆಸುತ್ತಿದ್ದರು. ಕೆಳಗೆ ಹೋಟೆಲು, ಮೇಲೆ ಮನೆ. ಅತ್ತೆಯೂ ನಮ್ಮೊಂದಿಗೇ ಇದ್ದರು. ಹೋಟೆಲಿಗೆ ಬರುವ ಗಿರಾಕಿಗಳಿಗಿಂತ ನಾವೇ ಊಟ ಕೊಂಡುಹೋಗಿ ಕೊಡಬೇಕಾದ ಗಿರಾಕಿಗಳು ಹೆಚ್ಚು. ಎಲ್ಲ ಮಗ್ಗದ ಕಾರ್ಖಾನೆಗಳ ಗುಮಾಸ್ತರು, ಮಾಲೀಕರು. ಆ ಗಲ್ಲಿಗಳಲ್ಲಿ ಕಾರು ನುಗ್ಗುವುದಿಲ್ಲ, ಅಷ್ಟು ದೂರ ಡಬ್ಬಿ ಹೊತ್ತು ಸೈಕಲ್ ತುಳಿದರೆ ಸಾಂಬಾರು ತಣ್ಣಗಾಗುತ್ತದೆ.

ಇದಕ್ಕೊಂದು ಉಪಾಯ ಹುಡುಕಿದವನು ನನ್ನ ಮೈದುನ. ಹಜೀರಾದ ಕಾರ್ಖಾನೆಯೊಂದಕ್ಕೆ ಊಟ ಕೊಡಲು ಹೋದಾಗ ಅಲ್ಲಿನ ವಿದೇಶಿ ಎಂಜಿನಿಯರನೊಬ್ಬನ ಗಾಡಿಯ ಹಿಂದೆ ಸೈಕಲ್ ತೂಗುತ್ತಿದ್ದುದನ್ನು ಅವನು ನೋಡಿದ. ಊಟ ಕೊಡುವುದನ್ನು ಮರೆತು ಗಾಡಿಯ ಕೆಳಗೆ ತಲೆ ಹಾಕಿ ಕುಳಿತುಬಿಟ್ಟಿದ್ದನಂತೆ. ವಾಪಸು ಬಂದವನೇ ಉಧ್ನಾದ ವೆಲ್ಡಿಂಗ್ ಅಂಗಡಿಯಲ್ಲಿ ಅಂಥದ್ದೇ ಒಂದು ರ‍್ಯಾಕು ಮಾಡಿಸಿದ. ನಮ್ಮ ಹಳೆಯ ಕಾರಿನ ಹಿಂಬದಿಯ ಅಡಿಗೆ ಚೌಕದ ಪೈಪಿನದೊಂದು ಬಾಯಿ ಕೂರಿಸಿದರು. ಆ ಬಾಯಿಯೊಳಗೆ ರ‍್ಯಾಕಿನ ಕಾಲನ್ನು ತೂರಿಸಬೇಕು. ಎರಡಕ್ಕೂ ಅಡ್ಡಲಾಗಿ ಒಂದೇ ತೂತು, ಆ ತೂತಿನಲ್ಲಿ ಬೆರಳು ದಪ್ಪದ ಉಕ್ಕಿನ ಪಿನ್ನು, ಪಿನ್ನಿನ ತುದಿಗೊಂದು ಕ್ಲಿಪ್ಪು. ಆ ಪಿನ್ನು ಇಲ್ಲದಿದ್ದರೆ ಕಾಲು ಬಾಯಿಯಿಂದ ಜಾರಿ ಹೊರಬರುತ್ತದೆ. ರ‍್ಯಾಕಿನ ಎರಡು ತೋಳುಗಳಿಗೆ ಎರಡು ಸೈಕಲ್ ತೂಗುಹಾಕಿ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಮುಗಿಯಿತು. ಕಾರು ಗಲ್ಲಿಯ ಬಾಯಿಗೆ ಹೋಗಿ ನಿಲ್ಲುತ್ತಿತ್ತು, ಸೈಕಲ್ ಇಳಿಯುತ್ತಿತ್ತು, ಹ್ಯಾಂಡಲ್ಲಿಗೆ ಡಬ್ಬಿ ಏರುತ್ತಿತ್ತು. ಮೊದಲ ದಿನ ಇಡೀ ಬೀದಿಯೇ ನೋಡಲು ನಿಂತಿತ್ತು. ನಮ್ಮವನ ಗತ್ತು ಕೇಳಬೇಡಿ, ಮದುವೆಯ ದಿಬ್ಬಣ ಹೊರಡಿಸಿದವನ ಹಾಗೆ ಎಲ್ಲರಿಗೂ ಕೈ ಬೀಸುತ್ತಿದ್ದ.

ದೀಪಾವಳಿ ಕಳೆದ ಮೇಲೆ ಅವನು ವಡೋದರಾಕ್ಕೆ ಹೋಗುವವನಿದ್ದ. ಅಲ್ಲಿನ ಗೋರ್ವಾದಲ್ಲಿ ಕಾರ್ಖಾನೆಗಳ ಪಕ್ಕದಲ್ಲೇ ಒಂದು ಜಾಗ ನೋಡಿಯಾಗಿತ್ತು. ಅಣ್ಣನ ನೆರಳಿನಲ್ಲಿ ಬೆಳೆದವನಿಗೆ ಮೊದಲ ಸಲ ತನ್ನದೇ ಹೋಟೆಲು. “ಅತ್ತಿಗೆ, ಕಾಣಿ, ಗೋರ್ವಾಕ್ ಹೋರೂ ಇದೇ ಲೆಕ್ಕ. ಕಾರ್ ಒಂದ್, ಸೈಕಲ್ ಎರಡ್,” ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಅವನು ಹೋಗುತ್ತಾನೆಂದು ನನಗೆ ಒಳಗೊಳಗೇ ಬೇಸರವಿತ್ತು. ಆ ಮನೆಯಲ್ಲಿ ನನ್ನ ಕೋಪಕ್ಕೆ ನಗುತ್ತಿದ್ದವನು ಅವನೊಬ್ಬನೇ.

ನಮ್ಮ ಅತ್ತೆಗೆ ಆಯುಧಪೂಜೆ ಎಂದರೆ ದೊಡ್ಡ ಹಬ್ಬ. ಅಡಿಗೆಯ ಚಾಕು, ಈಳಿಗೆ ಮಣೆ, ಸೌಟು ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ಕೋಣೆಯ ಮಣೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಒಳಗೆ ತರಲಾಗದ ದೊಡ್ಡ ವಸ್ತುವಿನ ಪರವಾಗಿ ಅದರದೊಂದು ಚಿಕ್ಕ ಭಾಗ ಬರಬೇಕು, ಇದು ಅವರದೇ ಕ್ರಮ. ಹೋಟೆಲಿನ ಪರವಾಗಿ ಶಟರಿನ ಬೀಗ ಬರುತ್ತಿತ್ತು. ಹಾಗೆ ಮಣೆಯ ಮೇಲೆ ಕೂತು ಕುಂಕುಮ ಹಚ್ಚಿಸಿಕೊಂಡದ್ದನ್ನು ಮರುದಿನ ದಶಮಿಯ ಪೂಜೆ ಮುಗಿಯುವವರೆಗೆ ಯಾರೂ ಎತ್ತುವಂತಿಲ್ಲ. ಬೀಗ ಒಳಗಿದ್ದರೆ ಹೋಟೆಲಿನ ಬಾಗಿಲು? ಪ್ರತಿ ವರ್ಷ ನನ್ನ ಮೈದುನ ಶಟರಿಗೆ ನೈಲಾನ್ ಹಗ್ಗ ಬಿಗಿದು, ಒಳಗೆ ಬೆಂಚಿನ ಮೇಲೆ ಮಲಗುತ್ತಿದ್ದ. ಏನೂ ಆಗಿರಲಿಲ್ಲ. ಆದ್ದರಿಂದ ಹಗ್ಗದ ಮೇಲೆ ನಮ್ಮ ಮನೆಯವರಿಗೆ ಭಾರಿ ನಂಬಿಕೆ.

ಆ ವರ್ಷ ರ‍್ಯಾಕಿನ ಪರವಾಗಿ ಪಿನ್ನು ಬಂತು. ಅತ್ತೆಯೇ ಕೇಳಿ ತರಿಸಿದರು. ಮಗನ ಕೈಯಿಂದ ಹುಟ್ಟಿದ ವಸ್ತು, ನಾಳೆ ಅವನ ಅನ್ನಕ್ಕೆ ದಾರಿಯಾಗುವ ವಸ್ತು. ಎಣ್ಣೆ ಸವರಿ, ಕುಂಕುಮವಿಟ್ಟು, ಮೇಲೊಂದು ಚೆಂಡುಹೂವಿಟ್ಟರು.

ಪೂಜೆಯ ದಿನ ಹೋಟೆಲಿಗೆ ರಜೆ. ಆದರೆ ಒಬ್ಬ ಮಾಲೀಕರ ಮಗ್ಗದ ಮನೆಯಲ್ಲಿ ನವಮಿಯ ಹವನವಿತ್ತು. ನಂಟರಿಗೆಲ್ಲ ನಮ್ಮದೇ ಊಟ ಬೇಕೆಂದು ಮೊದಲೇ ಹೇಳಿದ್ದರು. ಬೆಳಿಗ್ಗೆಯೇ ಅಡಿಗೆ ಮುಗಿಸಿ, ಆಮೇಲೆ ಚಾಕು ತೊಳೆದು ಪೂಜೆಗಿಟ್ಟದ್ದಾಗಿತ್ತು. ಕಾರಿಗೂ ಮಾಲೆ ಹಾಕಿ ಚಕ್ರದಡಿ ನಿಂಬೆಹಣ್ಣು ಹಿಸುಕಿಸಿದ್ದಾಗಿತ್ತು. ಡಬ್ಬಿ ತುಂಬಿ ಹೊರಡುವಾಗ ನನ್ನ ಗಂಡನಿಗೆ ಪಿನ್ನಿನ ನೆನಪಾಯಿತು.

ದೇವರ ಕೋಣೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು.

“ನಾಳೆ ತನ್ಕ ಮುಟ್ಟುಕಾಗ. ಅವ್ನ್ ಹೊಸ ಹೋಟ್ಲಿಗೆ ಒಳ್ಳೇದಾಯ್ಲಿ ಅಂದೇಳಿ ಇಟ್ಟದ್ ನಾನ್.”

ನನಗೆ ರೇಗಿತು. “ದೇವ್ರಿಗ್ ಆ ಪಿನ್ನ್ ತಕಂಡ್ ಎಂತ ಆಯ್ಕ್? ಕಾರಿಂದ್ ಕಾರಿಗ್ ಕೊಡಿ,” ಎಂದೆ.

“ಹಬ್ಬದ್ ದಿನ ಆರೂ ನಿನ್ ಬಾಯಿ ಮುಚ್ಕೊ ಮಾರಾಯ್ತಿ.”

ನನ್ನ ಗಂಡ ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಗಡಿಯಾರ ನೋಡಿದರು. ಬೇರೆ ಪಿನ್ನು ತರೋಣವೆಂದರೆ ಹಬ್ಬಕ್ಕೆ ವೆಲ್ಡಿಂಗ್ ಅಂಗಡಿಗಳೆಲ್ಲ ಮುಚ್ಚಿದ್ದವು. ಅಷ್ಟರಲ್ಲಿ ಮೈದುನ ಶಟರಿನ ಹಗ್ಗ ಹಿಡಿದು ಬಂದ. ರ‍್ಯಾಕಿನ ಕಾಲಿಗೂ ಬಂಪರಿನ ಅಡಿಗೂ ಸುತ್ತಿ ಸುತ್ತಿ ಗಂಟು ಹಾಕಿದ. ಸೂರತ್ತಿನವರು ಯಾವ ಕೆಲಸಕ್ಕೂ ‘ನಡೆಯುತ್ತೆ ಬಿಡಿ’ ಎನ್ನಲು ‘ಚಾಲ್ಶೆ’ ಅನ್ನುತ್ತಾರೆ. ಅವನಿಗೂ ಆ ಮಾತು ಬಾಯಿಗಂಟಿತ್ತು.

“ಚಾಲ್ಶೆ ಅತ್ತಿಗೆ, ಸಿಟ್ ಮಾಡ್ಕಣ್ಬೇಡಿ. ನಾ ಸ್ಕೂಟರಂಗೆ ಹಿಂದೇ ಬತ್ತೆ. ಕಾಣ್ತಾ ಇರ್ತೆ.”

ಬೇರೆ ದಿನಗಳಲ್ಲಿ ಅವನು ಕಾರಿನಲ್ಲಿ ಅಣ್ಣನ ಪಕ್ಕ ಕೂರುತ್ತಿದ್ದ. ಅಂದು ಹಗ್ಗದ ಮೇಲೆ ಕಣ್ಣಿಡಲೆಂದು ಹಿಂದೆ ಹೋದ.

ಮುಂದಿನದನ್ನು ನಾನು ನೋಡಲಿಲ್ಲ, ಕಾರಿನಲ್ಲಿದ್ದ ಹೋಟೆಲಿನ ಹುಡುಗ ಹೇಳಿದ್ದು. ರೈಲ್ವೆ ಸೇತುವೆಯ ಏರಿನಲ್ಲಿ ಸೈಕಲ್ಲುಗಳ ಭಾರ ಹಿಂದಕ್ಕೆ ಜಗ್ಗಿತು. ಪೈಪಿನ ಅಂಚು ಹಗ್ಗವನ್ನು ಕೊಯ್ಯಿತು. ಕಾರು ಒಮ್ಮೆಲೇ ಹಗುರಾದ ಹಾಗಾಯಿತು ಎಂದು ನನ್ನ ಗಂಡ ಹೇಳುತ್ತಾರೆ, ಅದೊಂದೇ ಮಾತು, ಅದರ ಮುಂದಕ್ಕೆ ಇವತ್ತಿಗೂ ಹೇಳಿಲ್ಲ. ಎರಡು ಸೈಕಲ್ ಸಮೇತ ರ‍್ಯಾಕು ರಸ್ತೆಗೆ ಬಿದ್ದಾಗ ಹಿಂದೆಯೇ ನನ್ನ ಮೈದುನ ಇದ್ದ. ಸ್ಕೂಟರು ಸೈಕಲ್ಲಿನ ಮೇಲೆ ಹತ್ತಿ ಮಗುಚಿತು. ಅವನ ತಲೆ ರಸ್ತೆ ಮಧ್ಯದ ಕಲ್ಲಿಗೆ ಬಡಿಯಿತು. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಎಲ್ಲ ಮುಗಿದಿತ್ತು. ಮರುದಿನ ದಸರೆಯ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗುಜರಾತಿಗಳು ಆ ಹಬ್ಬಕ್ಕೆ ತಿನ್ನುವ ಫಾಫಡಾ ಜಲೇಬಿಗೆ ಜನ ಸಾಲುಗಟ್ಟಿ ನಿಂತಿದ್ದಾಗ ಅವರ ನಡುವೆಯೇ ದಾರಿ ಬಿಡಿಸಿಕೊಂಡು ಅವನ ಹೆಣ ಮನೆಗೆ ತಂದರು. ಕೈಯಲ್ಲಿ ಪೊಟ್ಟಣ ಹಿಡಿದವರು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಸೂತಕ ಬಂತು. ಸೂತಕದಲ್ಲಿ ದೇವರ ಕೋಣೆಗೆ ಹೋಗುವಂತಿಲ್ಲ, ಹೋಗದೆ ಪೂಜೆ ಎತ್ತುವಂತಿಲ್ಲ. ಚಾಕು, ಸೌಟು, ಬೀಗ, ಪಿನ್ನು ಎಲ್ಲವೂ ಇಟ್ಟಲ್ಲೇ ಉಳಿದವು. ಪಕ್ಕದ ಮನೆಯ ಗುಜರಾತಿ ಹೆಂಗಸು ತರಕಾರಿ ಹೆಚ್ಚಿಕೊಂಡೇ ತಂದುಕೊಡುತ್ತಿದ್ದಳು. ನೀರು ತರಲು ದೇವರ ಕೋಣೆಯ ಬಾಗಿಲ ಮುಂದೆಯೇ ಹಾಯಬೇಕು. ಹಾದಾಗಲೆಲ್ಲ ಕುಂಕುಮದ ಪಿನ್ನು, ಅದರ ಮೇಲೆ ಒಣಗುತ್ತಿರುವ ಹೂವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೆಳಗೆ ನನ್ನ ಗಂಡ ಶಟರಿಗೆ ಇನ್ನೊಂದು ಹಗ್ಗ ಕಟ್ಟುತ್ತಿರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹಗ್ಗ ಕಿತ್ತು ಬಿಸಾಕಿ, ಸೂತಕದ ಮೈಯಲ್ಲೇ ಅಂಗಡಿಗೆ ಹೋಗಿ ಹೊಸ ಬೀಗ ತಂದು ಜಡಿದೆ.

ಅತ್ತೆಗೆ ಹೇಳಬೇಕಾದ ಮಾತನ್ನು ಮಾತ್ರ ಒಳಗೇ ಮಸೆಯುತ್ತಿದ್ದೆ. ಅವರು ಬಾಗಿಲಿಗೆ ಅಡ್ಡ ನಿಂತ ರೀತಿ, ನನ್ನ ಬಾಯಿ ಮುಚ್ಚಿಸಿದ್ದು, ಎಲ್ಲವನ್ನೂ ಸೂತಕ ಕಳೆದ ದಿನವೇ ಮುಖಕ್ಕೆ ಹೇಳಿ ಊರಿಗೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದೆ. ನನಗೆ ಅವರ ಮೇಲೆ ಕನಿಕರವಿರಲಿಲ್ಲ. ಅವರು ಅಳುತ್ತಿರಲಿಲ್ಲ ಎಂಬುದು ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿದಿತ್ತು.

ಶುದ್ಧದ ದಿನ ಭಟ್ಟರು ಮನೆಯಿಡೀ ನೀರು ಚಿಮುಕಿಸಿ ಹೋದರು. ಅತ್ತೆ ಮಿಂದು ಬಂದು ದೇವರ ಕೋಣೆ ಹೊಕ್ಕರು. ಚಾಕು, ಈಳಿಗೆ ಮಣೆ, ಸೌಟು ಒಂದೊಂದನ್ನೇ ಎತ್ತಿ ನನ್ನ ಕೈಗೆ ಕೊಟ್ಟರು. ಬೀಗ ಕೊಟ್ಟರು. ಕೊನೆಗೆ ಪಿನ್ನು ಉಳಿಯಿತು. ನನ್ನ ಗಂಡ ಕೈ ಚಾಚಿದರು. ಅವರಿಗೆ ಕೊಡದೆ ಅತ್ತೆ ಅದನ್ನು ಸೆರಗಿನಲ್ಲಿ ಹಿಡಿದು, ಗೋಡೆ ಹಿಡಿದು ಮೆಟ್ಟಿಲಿಳಿದರು. ನಾವಿಬ್ಬರೂ ಹಿಂದೆ ಹೋದೆವು.

ಕಾರು ಬೀದಿಯಲ್ಲಿ ನಿಂತಲ್ಲೇ ನಿಂತಿತ್ತು. ಬಾಡಿದ ಮಾಲೆ ಹಾಗೇ ಇತ್ತು. ರ‍್ಯಾಕು ಪೊಲೀಸ್ ಠಾಣೆಯಲ್ಲಿತ್ತು. ಹಿಂದುಗಡೆ ಆ ಪೈಪಿನ ಖಾಲಿ ಬಾಯಿ ಮಾತ್ರ. ಅತ್ತೆ ಮಣ್ಣಿನಲ್ಲೇ ಕೂತು, ತಡವಿ ತಡವಿ ತೂತು ಹುಡುಕಿ, ಪಿನ್ನು ತೂರಿಸಿದರು. ಕ್ಲಿಪ್ಪು ಹಾಕಲು ಅವರಿಗೆ ಬರುತ್ತಿರಲಿಲ್ಲ, ಬೆರಳು ಜಾರುತ್ತಿತ್ತು. ನಾನು ಪಕ್ಕ ಕೂತು ಹಾಕಿಕೊಟ್ಟೆ. ಅವರು ಪಿನ್ನನ್ನು ಹಿಡಿದು ಎರಡು ಸಲ ಜಗ್ಗಿ ನೋಡಿದರು. ಅದು ಅಲುಗಲಿಲ್ಲ.

ಆಮೇಲೆ ಕಾರಿನ ಹಿಂದಿನ ಖಾಲಿ ರಸ್ತೆಯ ಕಡೆ ತಿರುಗಿ ಅತ್ತೆ ಹೇಳಿದರು:

“ಇನ್ ಬೀಳ್ತಿಲ್ಲೆ ಮಗಾ. ಇನ್ ನೀ ಹಿಂದೆ ಬಪ್ಪುದ್ ಬ್ಯಾಡ.”