ಚೆನ್ನರಾಯಪ್ಪ ಬರೆದ ಹೃದಯಾಘಾತಗಳು

ಶಿಡ್ಲಘಟ್ಟದ ಕಡೆಯ ಒಂದು ಕಚೇರಿಯಲ್ಲಿ ಚೆನ್ನರಾಯಪ್ಪ ಇಪ್ಪತ್ತಾರು ವರ್ಷದಿಂದ ಜನನ-ಮರಣದ ಗುಮಾಸ್ತರು. ಜನನದವರು ಸಿಹಿ ತರುತ್ತಾರೆ, ಮರಣದವರು ಸಹಿ ಕೇಳುತ್ತಾರೆ. ಎರಡಕ್ಕೂ ಅವರದು ಒಂದೇ ಮುಖ.

ಮನೆಯಲ್ಲೇ ಸತ್ತವರಿಗೆ ಡಾಕ್ಟರ ಚೀಟಿ ಇರುವುದಿಲ್ಲ. ಮನೆಯವರು ಹೇಳಿದ್ದೇ ಕಾರಣ. ಆ ಕಲಂ ಬಂದಾಗ ಕೆಲವರು ನೆಲ ನೋಡುತ್ತಿದ್ದರು. ಚೆನ್ನರಾಯಪ್ಪ ಮತ್ತೇನೂ ಕೇಳದೆ 'ಹೃದಯಾಘಾತ' ಎಂದು ಬರೆದುಬಿಡುತ್ತಿದ್ದರು. ಟಿ.ಬಿ., ಏಡ್ಸ್, ತೋಟಕ್ಕೆ ಹೊಡೆಯುವ ಔಷಧಿ ಕುಡಿದದ್ದು, ಎಲ್ಲವೂ ಅವರ ದುಂಡು ಅಕ್ಷರದಲ್ಲಿ ಹೃದಯಾಘಾತವೇ. ಉಳಿದ ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ!

ಕಳೆದ ಸೋಮವಾರ ಗೌತಮಿ ಎಂಬ ಸಂಶೋಧಕಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಹೆಸರು, ವಿಳಾಸ, ವಯಸ್ಸು, ಕಾರಣ ಎಲ್ಲವನ್ನೂ ನೋಡಲು ಮೇಲಿನಿಂದ ಅನುಮತಿ ಪತ್ರ. ಅವಳು ಮರಣದ ರಿಜಿಸ್ಟರಿನ ಪುಟ ಮಗುಚಿದ ಮೂರು ದಿನವೂ ಚೆನ್ನರಾಯಪ್ಪ ಊಟಕ್ಕೂ ಏಳದೆ ಎದುರಿಗೇ ಕೂತರು.

ನಾಲ್ಕನೆಯ ದಿನ ಅವಳು ಕಣ್ಣರಳಿಸಿದಳು. "ಸಾರ್, ಇಪ್ಪತ್ತೈದು ದಾಟದೋರಿಗೇ ನಲವತ್ತೊಂದು ಹಾರ್ಟ್ ಅಟ್ಯಾಕ್! ನಾನೆಲ್ಲೂ ಇಷ್ಟು ನೋಡಿಲ್ಲ. ರೇಷ್ಮೆಗೂಡು ಬೇಯ್ಸೋ ಒಲೆ ಹೊಗೆ ಇರ್ಬೇಕು."

"ಹೊಗೇನೇ ಕಣಮ್ಮ. ಬರ್ಕೊಂಡ್ ಹೋಗು."

"ಹಂಗಾಗಲ್ಲ ಸಾರ್, ನಲವತ್ತೊಂದು ಮನೇಲೂ ಕೇಳ್ಬೇಕು. ಈಗ ಅಕ್ಕಯಮ್ಮ ಅನ್ನೋರ ಮನೆಗೆ ಹೊರಟೆ. ಅವರ ಮಗಳು ಶೋಭಾರಾಣಿ, ಹತ್ತೊಂಬತ್ತು ವರ್ಷ."

ಚೆನ್ನರಾಯಪ್ಪ ಪೆನ್ನು ಕೆಳಗಿಟ್ಟರು. ಶೋಭಾರಾಣಿ ಕುಡಿದದ್ದು ಔಷಧಿ. ಬೆಳಿಗ್ಗೆ ಅಕ್ಕಯಮ್ಮನೇ ಹೇಳಿಹೋದಂತೆ, ಅವಳ ತಂಗಿಯನ್ನು ನೋಡಲು ಅದೇ ಹೊತ್ತಿಗೆ ಚಿಂತಾಮಣಿಯ ಗಂಡಿನವರು ಬಂದು ಚಾಪೆಯ ಮೇಲೆ ಕೂತಿದ್ದರು. ಅವರೆದುರು ಈ ಹುಡುಗಿ 'ದೊಡ್ಡ ಮಗಳು ಸತ್ತದ್ದು ಹೇಗೆ' ಎಂದು ಕೇಳಿದರೆ? ತಡೆಯಬೇಕಾದರೆ ನಿಜ ಹೇಳಬೇಕು. ಹೇಳಿದರೆ, ನಿವೃತ್ತಿಗೆ ಐದು ತಿಂಗಳಿರುವಾಗ ಅಮಾನತು, ಇಲ್ಲವೇ ಪೊಲೀಸು.

"ಏನ್ ಸಾರ್, ಮುಖ ಹಂಗಾಗೈತೆ? ನಿಮ್ಗೂ ಹಾರ್ಟ್ ಅಟ್ಯಾಕಾ?" ಎಂದ ಜವಾನ ನಲ್ಲಪ್ಪ.

"ಮುಚ್ಕೊಂಡು ಆಚೆ ಹೋಗಯ್ಯ!" ಚೆನ್ನರಾಯಪ್ಪ ಎದ್ದು ಬಾಗಿಲು ಹಾಕಿದರು. "ಅಮ್ಮ, ಆ ನಲವತ್ತೊಂದೂ ನನ್ನ ಕೈಯಿಂದ ಆಗಿದ್ದು."

ಗೌತಮಿ ಬ್ಯಾಗು ಎದೆಗವಚಿಕೊಂಡು ಗೋಡೆಗೆ ಸರಿದಳು.

"ಸಾಯ್ಸಿಲ್ಲ ಕಣಮ್ಮ! ಬರ್ದಿದ್ದು ಅಷ್ಟೇ. ಸುಳ್ಳು ಬರ್ದೆ."

ಎಲ್ಲ ಕೇಳಿದ ಮೇಲೆ ಅವಳು ಬ್ಯಾಗು ಮೇಜಿನ ಮೇಲಿಟ್ಟಳು. "ದಾಖಲೆ ತಪ್ಪು ಅಂತ ವರದೀಲಿ ಹಾಕ್ಲೇಬೇಕು ಸಾರ್. ನಿಮ್ಮನ್ನ ಕೇಳ್ತಾರೆ."

"ಕೇಳ್ಲಿ. ಒಂದೊಂದೂ ನೆನಪೈತೆ, ಹೆಸರು ಬಿಟ್ಟು ಹೇಳ್ತೀನಿ. ಮನೆಗಳ ಹತ್ರ ಮಾತ್ರ ಹೋಗ್ಬೇಡ."

ಅವಳು ಕೂತು ಲ್ಯಾಪ್‌ಟಾಪ್ ತೆರೆದಳು. ಚೆನ್ನರಾಯಪ್ಪ ರಿಜಿಸ್ಟರು ಮುಚ್ಚಿ ಪಕ್ಕಕ್ಕಿಟ್ಟರು.

"ಮೊದಲನೇದು, ಸಾರ್?"

"ಹೆಣ್ಣು. ಹತ್ತೊಂಬತ್ತು. ಹೃದಯ ಚೆನ್ನಾಗೇ ಇತ್ತು."